ವರದಿ ಬಂದ ಮೇಲೆ ವಿಳಂಬವೇಕೆ?

ಒಬ್ಬರು ದೂರದೂರಿಗೆ ಹೋಗುವಾಗ ತಮ್ಮ ಒಡವೆಯ ಪೆಟ್ಟಿಗೆಯನ್ನು ನಿಮ್ಮ ಮನೆಯಲ್ಲಿ ಅಮಾನತ್ತಾಗಿ ಇರಿಸಿ ಹೋಗಿದ್ದಾರೆಂದು ಭಾವಿಸಿರಿ. ಒಂದು ಸಂಜೆ ನೆರೆಮನೆಯವರು ಬಂದು, “ನಿಮ್ಮ ಹಿಂಬಾಗಿಲ ಚಿಲಕ ಸಡಿಲಾದಂತೆ ಕಾಣುತ್ತದೆ, ಒಮ್ಮೆ ನೋಡಿಕೊಳ್ಳಿ” ಎನ್ನುತ್ತಾರೆ. ಆಗ ನೀವೇನು ಮಾಡುವಿರಿ? ಕಳ್ಳ ಬಂದಿದ್ದಾನೆಂದು ಅವರು ಹೇಳಿಲ್ಲವಲ್ಲ ಎಂದು ಮಲಗಿ ನಿದ್ರಿಸುವಿರಾ? ಖಂಡಿತ ಇಲ್ಲ. ಎದ್ದು ಹೋಗಿ ನೋಡುವಿರಿ. ಚಿಲಕ ಸರಿಯಾಗಿದ್ದರೆ ಅಲ್ಲಾಹನನ್ನು ಸ್ತುತಿಸಿ ಮರಳುವಿರಿ. ಸಡಿಲಾಗಿದ್ದರೆ ಅಂದೇ ಸರಿಪಡಿಸುವಿರಿ.

ನಮ್ಮ ದೇಹವೂ ಅಂತಹದೇ ಒಂದು ಅಮಾನತ್ತು. ಅದು ನಮ್ಮ ಸ್ವಂತ ಸಂಪಾದನೆಯಲ್ಲ. ಸಂಪತ್ತಿನ ಬಗ್ಗೆ, ಸಮಯದ ಬಗ್ಗೆ ನಾಳೆ ವಿಚಾರಣೆಯಿರುವಂತೆಯೇ ಆರೋಗ್ಯದ ಬಗ್ಗೆಯೂ ಇದೆ ಎಂಬುದನ್ನು ನಾವು ನಂಬುತ್ತೇವೆ. ಆದರೆ ಈ ಅಮಾನತ್ತಿನ ಬಾಗಿಲ ಚಿಲಕ ಸಡಿಲಾಗಿದೆ ಎಂದು ಪ್ರಯೋಗಾಲಯದ ಒಂದು ಕಾಗದ ತಿಳಿಸಿದಾಗ ನಮ್ಮಲ್ಲಿ ಅನೇಕರು ಎದ್ದು ನೋಡುವುದಿಲ್ಲ. ಕಾಗದವನ್ನು ಮಡಚಿಡುತ್ತಾರೆ. ಈ ತಿಂಗಳ ಪಾಠದಲ್ಲಿ ಅಂತಹ ಒಂದು ಕಾಗದದ ಕುರಿತು ವಿಚಾರ ಮಾಡೋಣ. ಅದು ಕರುಳಿನ ಕ್ಯಾನ್ಸರನ್ನು ಮುಂಚಿತವಾಗಿ ಪತ್ತೆ ಹಚ್ಚಲು ಮಾಡುವ ಮಲ ಪರೀಕ್ಷೆಯ ವರದಿ.

ಮಾರತ್ತಹಳ್ಳಿಯಲ್ಲಿ ಉಳಿದುಹೋದ ವರದಿ

ಬೆಂಗಳೂರಿನ ಪೂರ್ವ ಭಾಗದಲ್ಲಿ ಹೊರವರ್ತುಲ ರಸ್ತೆಯೂ ಹಳೆಯ ವಿಮಾನ ನಿಲ್ದಾಣದ ರಸ್ತೆಯೂ ಸಂಧಿಸುವಲ್ಲಿ ಮಾರತ್ತಹಳ್ಳಿ ಇದೆ. ಸುತ್ತಲೂ ಕಂಪ್ಯೂಟರ್ ಕಂಪೆನಿಗಳು, ಪಿ.ಜಿ.ಗಳು, ಬಾಡಿಗೆ ಮನೆಗಳು. ನಾಡಿನ ಎಲ್ಲ ಜಿಲ್ಲೆಗಳಿಂದಲೂ ಮಕ್ಕಳು ಅಲ್ಲಿಗೆ ದುಡಿಯಲು ಬಂದಿದ್ದಾರೆ. ಅವರ ತಂದೆ ತಾಯಿಯರು ವರ್ಷಕ್ಕೊಮ್ಮೆ ಬಂದು ಕೆಲವು ದಿನ ಇದ್ದು ಹೋಗುತ್ತಾರೆ.

ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳಿ. ಇದು ಕಲ್ಪನೆಯ ಮನೆಯೇ ಸರಿ. ಆದರೆ ಸಂಗತಿ ನಿಮಗೆ ಅಪರಿಚಿತವೆನಿಸಲಾರದು. ಚಿತ್ರದುರ್ಗದ ಕಡೆಯ ಅಂಗಡಿಕಾರರೊಬ್ಬರು ತಮ್ಮ ಮಗನ ಮನೆಗೆ ಬಂದಿದ್ದಾರೆ. ವಯಸ್ಸು 58. ಮಗನಿಗೆ ತಂದೆಯ ಮೇಲೆ ಪ್ರೀತಿ. “ಅಬ್ಬಾ, ಬಂದದ್ದು ಬಂದಿರಿ, ಒಂದು ಪೂರ್ತಿ ಚೆಕಪ್ ಮಾಡಿಸಿಬಿಡೋಣ” ಎಂದು ಪ್ಯಾಕೇಜೊಂದಕ್ಕೆ ಹಣ ಕಟ್ಟುತ್ತಾನೆ. ಮೂರನೆಯ ದಿನ ವರದಿ ಮೊಬೈಲಿಗೆ ಬರುತ್ತದೆ. ಹತ್ತಾರು ಪುಟ. ತಂದೆ ಮಗ ಇಬ್ಬರೂ ಸಕ್ಕರೆಯ ಸಾಲನ್ನು ನೋಡುತ್ತಾರೆ, ಕೊಲೆಸ್ಟರಾಲಿನ ಸಾಲನ್ನು ನೋಡುತ್ತಾರೆ. ಕೊನೆಯ ಪುಟದಲ್ಲಿ, ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆ, ‘ಪಾಸಿಟಿವ್’ ಎಂಬ ಒಂದು ಸಾಲು. ಮಗ ಅದನ್ನು ನೋಡಿ, ಯಾರಾದರೂ ಡಾಕ್ಟರರಿಗೆ ತೋರಿಸಬೇಕು ಎಂದುಕೊಳ್ಳುತ್ತಾನೆ. ತಂದೆಗೆ ಅಂಗಡಿಯ ಚಿಂತೆ. ಮರುದಿನವೇ ಬಸ್ಸು ಹತ್ತುತ್ತಾರೆ.

ಏನಾದರೂ ಇದ್ದಿದ್ದರೆ ಮಗ ಹೇಳುತ್ತಿದ್ದ ಎಂದು ತಂದೆ ಊರಿನಲ್ಲಿ ನಿಶ್ಚಿಂತರಾಗಿದ್ದಾರೆ. ತೊಂದರೆಯಿದ್ದರೆ ಅಬ್ಬಾ ಹೇಳುತ್ತಿದ್ದರು ಎಂದು ಮಗ ಮಾರತ್ತಹಳ್ಳಿಯಲ್ಲಿ ನಿಶ್ಚಿಂತನಾಗಿದ್ದಾನೆ. ವರದಿ ಮೊಬೈಲಿನಲ್ಲಿ ಉಳಿದಿದೆ. ಎಂಟು ತಿಂಗಳು ಕಳೆದಿವೆ.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕೆಟ್ಟದ್ದನ್ನು ಬಯಸಲಿಲ್ಲ. ಹಣ ಖರ್ಚಾಯಿತು, ರಕ್ತ ಕೊಟ್ಟದ್ದಾಯಿತು, ಪರೀಕ್ಷೆಯೂ ಆಯಿತು. ಆದರೆ ಪರೀಕ್ಷೆಯಿಂದ ಆಗಬೇಕಾಗಿದ್ದ ಏಕೈಕ ಪ್ರಯೋಜನ ಆಗಲಿಲ್ಲ.

ಆ ಸಾಲು ಹೇಳುವುದೇನು?

ಕರುಳಿನ ಕ್ಯಾನ್ಸರ್ ಹೆಚ್ಚಾಗಿ ದೊಡ್ಡ ಕರುಳಿನ ಒಳಗೋಡೆಯಲ್ಲಿ ಏಳುವ ಸಣ್ಣ ಗಂಟಿನಿಂದ ಪ್ರಾರಂಭವಾಗುತ್ತದೆ. ವೈದ್ಯರು ಇದನ್ನು ಪಾಲಿಪ್ ಎನ್ನುತ್ತಾರೆ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಕೆಲವು ಆಗುತ್ತವೆ, ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಈ ದೀರ್ಘ ಅವಧಿಯೇ ನಮಗೆ ದೊರೆತಿರುವ ದೊಡ್ಡ ಅನುಗ್ರಹ. ಆ ಅವಧಿಯಲ್ಲಿ ಗಂಟನ್ನು ತೆಗೆದುಬಿಟ್ಟರೆ ಕ್ಯಾನ್ಸರ್ ಹುಟ್ಟುವ ಮೊದಲೇ ಅದರ ದಾರಿ ಮುಚ್ಚಿದಂತಾಗುತ್ತದೆ.

ಪಾಲಿಪ್ ಅಥವಾ ಆರಂಭದ ಕ್ಯಾನ್ಸರ್ ಆಗಾಗ ಸ್ವಲ್ಪ ಸ್ವಲ್ಪ ರಕ್ತ ಸೋರಿಸುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಮಲದ ಅತ್ಯಲ್ಪ ಭಾಗವನ್ನು ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಇದರಲ್ಲಿ ಎರಡು ವಿಧ. ಹಳೆಯದು ರಾಸಾಯನಿಕ ವಿಧಾನ. ಹೊಸದನ್ನು ಫಿಟ್ ಎನ್ನುತ್ತಾರೆ. ಇದು ಮನುಷ್ಯನ ರಕ್ತವನ್ನೇ ಗುರುತಿಸುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಪಾಸಿಟಿವ್ ಎಂದರೆ ಕ್ಯಾನ್ಸರ್ ಇದೆ ಎಂದಲ್ಲ. ರಕ್ತ ಎಲ್ಲಿಂದಲೋ ಬರುತ್ತಿದೆ, ಎಲ್ಲಿಂದ ಎಂದು ನೋಡಿರಿ ಎಂದಷ್ಟೇ ಅದರ ಅರ್ಥ. ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಫಿಟ್ ಪರೀಕ್ಷೆ ಪಾಸಿಟಿವ್ ಬಂದ ಸುಮಾರು 70 ಸಾವಿರ ಮಂದಿಯನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಲಾಯಿತು. ವರದಿ ಬಂದ ಒಂದು ತಿಂಗಳೊಳಗೆ ಕರುಳನ್ನು ಪರೀಕ್ಷಿಸಿಕೊಂಡವರಲ್ಲಿ ಪ್ರತಿ 1000 ಮಂದಿಯಲ್ಲಿ ಕ್ಯಾನ್ಸರ್ ಕಂಡುಬಂದದ್ದು ಸುಮಾರು 30 ಮಂದಿಯಲ್ಲಿ. ಅಂದರೆ ಮಿಕ್ಕ 970 ಮಂದಿ ಕ್ಯಾನ್ಸರ್ ಇಲ್ಲವೆಂದು ತಿಳಿದು ಮನೆಗೆ ಮರಳಿದರು. ಅವರಲ್ಲಿ ಪಾಲಿಪ್ ಇದ್ದವರಿಗೆ ಅದನ್ನು ತೆಗೆಸಿಕೊಳ್ಳುವ ಅವಕಾಶವೂ ದೊರೆಯಿತು.

ಆದ್ದರಿಂದ ಈ ವರದಿಯನ್ನು ಕಂಡು ಕಂಗೆಡುವ ಅಗತ್ಯವಿಲ್ಲ. ಆದರೆ ಅದನ್ನು ಮಡಚಿಡುವ ಹಕ್ಕೂ ನಮಗಿಲ್ಲ. ಆ 970ರಲ್ಲಿ ನಾವಿದ್ದೇವೋ 30ರಲ್ಲಿದ್ದೇವೋ ಎಂಬುದನ್ನು ಮಲ ಪರೀಕ್ಷೆ ತಿಳಿಸಲಾರದು. ಅದನ್ನು ತಿಳಿಸುವುದು ಕೊಲೊನೋಸ್ಕೊಪಿ ಎಂಬ ಎರಡನೆಯ ಪರೀಕ್ಷೆ. ಮೊದಲನೆಯದನ್ನು ಮಾಡಿಸಿ ಎರಡನೆಯದನ್ನು ಬಿಟ್ಟವನು ವುಝೂ ಮಾಡಿ ನಮಾಝ್ ಮಾಡದೆ ಎದ್ದುಹೋದವನಂತೆ.

ವಿಳಂಬದ ಬೆಲೆ

ಅದೇ ಅಧ್ಯಯನದ ಉಳಿದ ಲೆಕ್ಕವನ್ನೂ ನೋಡಿರಿ. ಹತ್ತರಿಂದ ಹನ್ನೆರಡು ತಿಂಗಳು ತಡ ಮಾಡಿದವರಲ್ಲಿ 1000ಕ್ಕೆ 49 ಮಂದಿಯಲ್ಲಿ ಕ್ಯಾನ್ಸರ್ ಕಂಡಿತು. ಒಂದು ವರ್ಷಕ್ಕಿಂತಲೂ ಹೆಚ್ಚು ತಡ ಮಾಡಿದವರಲ್ಲಿ 76 ಮಂದಿಯಲ್ಲಿ. ರೋಗ ಬಲಿತು ಮುಂದುವರಿದ ಹಂತದಲ್ಲಿ ಪತ್ತೆಯಾದವರ ಸಂಖ್ಯೆ ಒಂದು ತಿಂಗಳೊಳಗೆ ಬಂದವರಲ್ಲಿ 1000ಕ್ಕೆ 8 ಇದ್ದರೆ, ವರ್ಷ ಮೀರಿ ಬಂದವರಲ್ಲಿ 31.

ಎರಡನೆಯ ಪರೀಕ್ಷೆಗೆ ಬಾರದೇ ಇದ್ದವರ ಗತಿಯೇನು? ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಇದನ್ನೂ ಲೆಕ್ಕ ಹಾಕಿದ್ದಾರೆ. 2022ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹತ್ತು ವರ್ಷಗಳಲ್ಲಿ ಕರುಳಿನ ಕ್ಯಾನ್ಸರಿನಿಂದ ಮರಣ ಹೊಂದಿದವರು, ಪರೀಕ್ಷೆಗೆ ಬಂದವರಲ್ಲಿ 1000ಕ್ಕೆ ಸುಮಾರು 7, ಬಾರದವರಲ್ಲಿ 16. ಎರಡು ಪಟ್ಟಿಗಿಂತಲೂ ಅಧಿಕ. ಇವರೆಲ್ಲರ ಕೈಯಲ್ಲೂ ಎಚ್ಚರಿಕೆಯ ಕಾಗದವಿತ್ತು ಎಂಬುದನ್ನು ಮರೆಯಬಾರದು.

ಮಲ ಪರೀಕ್ಷೆಯಿಂದ ಜೀವ ಉಳಿಯುತ್ತದೆ ಎಂಬುದು ಮೊದಲು ದೃಢಪಟ್ಟದ್ದು 1993ರಲ್ಲಿ, ಅಮೇರಿಕದ ಮಿನ್ನೆಸೋಟ ಅಧ್ಯಯನದಿಂದ. ಪ್ರತಿವರ್ಷ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರಿನ ಮರಣ ಮೂರನೆಯ ಒಂದು ಭಾಗದಷ್ಟು ಇಳಿಯಿತು. ಆದರೆ ಇಳಿದದ್ದು ಹೇಗೆ? ಪಾಸಿಟಿವ್ ಬಂದವರನ್ನು ಕರೆದು ಕರುಳನ್ನು ನೋಡಿ, ಕಂಡದ್ದಕ್ಕೆ ಚಿಕಿತ್ಸೆ ಮಾಡಿದ್ದರಿಂದ. ಕಾಗದ ಯಾರನ್ನೂ ಉಳಿಸಲಿಲ್ಲ. ಕಾಗದವನ್ನು ಹಿಡಿದುಕೊಂಡು ಹೋದವರು ಉಳಿದರು.

ಅಧಿಕಾರ, ಸೌಕರ್ಯಗಳೂ ವಿಳಂಬದಿಂದ ರಕ್ಷಿಸುವುದಿಲ್ಲ. ಅಮೇರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್‌ರಿಗೆ 1985ರ ಮಾರ್ಚ್ ತಿಂಗಳ ತಪಾಸಣೆಯಲ್ಲಿ ಮಲದಲ್ಲಿ ರಕ್ತದ ಅಂಶ ಕಂಡುಬಂದಿತ್ತು. ಪೂರ್ಣ ಕೊಲೊನೋಸ್ಕೊಪಿ ನಡೆದದ್ದು ಜುಲೈಯಲ್ಲಿ. ಆಗ ದೊಡ್ಡ ಕರುಳಿನ ಆರಂಭದ ಭಾಗದಲ್ಲಿ ದೊಡ್ಡದೊಂದು ಗಂಟು ಸಿಕ್ಕಿತು. ಜುಲೈ 13ರಂದು ಶಸ್ತ್ರಚಿಕಿತ್ಸೆ ಮಾಡಿ ತೆಗೆದಾಗ ಅದರಲ್ಲಿ ಕ್ಯಾನ್ಸರ್ ಇತ್ತು. ಅದು ಬೇರೆಡೆಗೆ ಹಬ್ಬಿರಲಿಲ್ಲ. ಅವರು ಮತ್ತೆ ಹತ್ತೊಂಬತ್ತು ವರ್ಷ ಬದುಕಿದರು. ಆದರೆ ನಾಲ್ಕು ತಿಂಗಳು ಏಕೆ ಕಾಯಲಾಯಿತು ಎಂಬ ಪ್ರಶ್ನೆಯನ್ನು ಆಗಲೇ ಹಲವರು ಎತ್ತಿದ್ದರು. ದೇಶದ ಅಧ್ಯಕ್ಷರ ಸುತ್ತ ಸದಾ ವೈದ್ಯರಿದ್ದರೂ ಹೀಗಾಗುವುದಾದರೆ ನಮ್ಮ ಅಂಗಡಿಕಾರರ ವರದಿಯನ್ನು ನೆನಪಿಸುವವರು ಯಾರು?

ಇಂಗ್ಲೆಂಡಿನಲ್ಲಿ ಸರಕಾರದ ಆರೋಗ್ಯ ಇಲಾಖೆಯೇ ಪರೀಕ್ಷೆಯ ಕೊಳವೆಯನ್ನು ಅಂಚೆಯಲ್ಲಿ ಮನೆಗೆ ಕಳಿಸುತ್ತದೆ. ಪಾಸಿಟಿವ್ ಬಂದರೆ ಅದೇ ಇಲಾಖೆ ಕರೆದು ದಿನ ಗೊತ್ತುಪಡಿಸುತ್ತದೆ. ನಮ್ಮ ದೇಶದ ಸರಕಾರೀ ತಪಾಸಣೆಯಲ್ಲಿ ಸೇರಿಸಿರುವುದು ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್‌ಗಳನ್ನು. ಕರುಳಿಗೆ ಅಂತಹ ಏರ್ಪಾಡಿಲ್ಲ. ಇಲ್ಲಿ ಈ ಪರೀಕ್ಷೆ ನಡೆಯುವುದು ಹೆಚ್ಚಾಗಿ ಕಂಪೆನಿಗಳ ವಾರ್ಷಿಕ ತಪಾಸಣೆಯಲ್ಲಿ ಅಥವಾ ಪ್ರಯೋಗಾಲಯಗಳ ಪ್ಯಾಕೇಜಿನಲ್ಲಿ. ವರದಿ ಕಳಿಸಿದಲ್ಲಿಗೆ ಅವರ ಕೆಲಸ ಮುಗಿಯಿತು. ಆದ್ದರಿಂದ ನಮ್ಮನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ನಾವೇ ಹೋಗಬೇಕು.

ನೆಪಗಳು ಮತ್ತು ಉತ್ತರಗಳು

ವರದಿಯನ್ನು ಮಡಚಿಡುವವನ ಬಳಿ ಯಾವಾಗಲೂ ಒಂದು ಕಾರಣವಿರುತ್ತದೆ. ಅವುಗಳನ್ನು ಒಂದೊಂದಾಗಿ ನೋಡೋಣ.

“ನನಗೆ ಮೂಲವ್ಯಾಧಿ ಇದೆ, ರಕ್ತ ಅದರದ್ದೇ.” ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಮಾತೂ ಇದೇ. ಮೂಲವ್ಯಾಧಿ ಇರಬಹುದು. ಆದರೆ ಮೂಲವ್ಯಾಧಿ ಇರುವವನಿಗೆ ಕರುಳಿನಲ್ಲಿ ಗಂಟು ಇರಬಾರದು ಎಂಬ ನಿಯಮವೇನೂ ಇಲ್ಲ. ಎರಡೂ ಒಟ್ಟಿಗೇ ಇರಬಹುದು. ಒಳಗೆ ನೋಡದೆ ರಕ್ತ ಯಾವುದರದ್ದೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಗೋಡೆಗಳ ಮೇಲೆ ಮೂಲವ್ಯಾಧಿ ಚಿಕಿತ್ಸೆಯ ಜಾಹೀರಾತು ಅಂಟಿಸುವವರಿಂದಂತೂ ಸಾಧ್ಯವೇ ಇಲ್ಲ. ತಿಂಗಳುಗಟ್ಟಲೆ ಲೇಹ್ಯ, ಮುಲಾಮು ಬಳಸಿ ಕೊನೆಗೆ ದೊಡ್ಡಾಸ್ಪತ್ರೆಗೆ ಬರುವವರ ಅಮೂಲ್ಯ ಕಾಲ ಹಾಳಾಗುವುದು ಇಲ್ಲಿಯೇ.

“ಬಕ್ರೀದ್ ಹಬ್ಬದ ಮಾಂಸ ತಿಂದಿದ್ದೆ, ಅದಕ್ಕೇ ಹೀಗೆ ಬಂದಿದೆ.” ಹಳೆಯ ರಾಸಾಯನಿಕ ಪರೀಕ್ಷೆಯಲ್ಲಿ ಕೆಂಪು ಮಾಂಸದಿಂದಲೂ ಮೂಲಂಗಿಯಂತಹ ಕೆಲವು ತರಕಾರಿಗಳಿಂದಲೂ ತಪ್ಪು ಫಲಿತಾಂಶ ಬರಬಹುದು ಎಂಬುದು ನಿಜ. ಆದರೆ ಫಿಟ್ ಪರೀಕ್ಷೆ ಕುರಿಯ ರಕ್ತವನ್ನು ಗುರುತಿಸುವುದಿಲ್ಲ. ನಿಮ್ಮದು ಯಾವ ವಿಧದ ಪರೀಕ್ಷೆ ಎಂಬುದನ್ನು ವರದಿ ನೋಡಿ ವೈದ್ಯರು ಹೇಳುವರು. ಮಾಂಸದ ಮೇಲೆ ಹೊಣೆ ಹೊರಿಸಿ ಸುಮ್ಮನಾಗುವ ತೀರ್ಮಾನ ನಮ್ಮದಲ್ಲ.

“ಇನ್ನೊಮ್ಮೆ ಪರೀಕ್ಷೆ ಮಾಡಿಸೋಣ, ಆಗ ನೋಡೋಣ.” ಇದು ಜಾಣತನದಂತೆ ಕಾಣುತ್ತದೆ. ವಸ್ತುತಃ ಇದೊಂದು ಬಲೆ. ಗಂಟು ದಿನವೂ ರಕ್ತ ಸೋರಿಸುವುದಿಲ್ಲ. ಒಂದು ದಿನ ಸೋರುತ್ತದೆ, ಇನ್ನೊಂದು ದಿನ ನಿಲ್ಲುತ್ತದೆ. ಎರಡನೆಯ ಸಲ ನೆಗೆಟಿವ್ ಬಂದರೆ ಅದು ಮೊದಲನೆಯದನ್ನು ಅಳಿಸಿಹಾಕುವುದಿಲ್ಲ. ಒಂದು ಸಲ ಫಿಟ್ ಪಾಸಿಟಿವ್ ಬಂದ ಮೇಲೆ ಮಲ ಪರೀಕ್ಷೆಯ ಕೆಲಸ ಮುಗಿಯಿತು. ಮುಂದಿನದು ಕೊಲೊನೋಸ್ಕೊಪಿ.

“ನನಗೆ ನೋವಿಲ್ಲ, ಚೆನ್ನಾಗಿ ಉಣ್ಣುತ್ತೇನೆ.” ನೋವಿಲ್ಲದಿರುವಾಗಲೇ ಹಿಡಿಯಬೇಕೆಂದಲ್ಲವೇ ಈ ಪರೀಕ್ಷೆ ಇರುವುದು? ಅಮೇರಿಕದ ಲೆಕ್ಕದ ಪ್ರಕಾರ ಕರುಳಿನ ಕ್ಯಾನ್ಸರ್ ಹುಟ್ಟಿದಲ್ಲಿಯೇ ಇರುವಾಗ ಪತ್ತೆಯಾದರೆ 100ರಲ್ಲಿ ಸುಮಾರು 90 ಮಂದಿ ಐದು ವರ್ಷಗಳ ಬಳಿಕವೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹಬ್ಬಿದ ಬಳಿಕ ಪತ್ತೆಯಾದರೆ ಸುಮಾರು 15 ಮಂದಿ. ನೋವಿಗಾಗಿ ಕಾಯುವವನು ಮೊದಲ ಗುಂಪನ್ನು ಬಿಟ್ಟು ಎರಡನೆಯದರ ಕಡೆಗೆ ನಡೆಯುತ್ತಿದ್ದಾನೆ.

“ನಾಚಿಕೆಯಾಗುತ್ತದೆ.” ಲಜ್ಜೆ ಒಳ್ಳೆಯ ಗುಣ, ವಿಶ್ವಾಸದ ಒಂದು ಅಂಗ. ಆದರೆ ಲಜ್ಜೆ ಇರುವುದು ಪಾಪದಿಂದ ತಡೆಯುವುದಕ್ಕಾಗಿ, ಚಿಕಿತ್ಸೆಯಿಂದ ತಡೆಯುವುದಕ್ಕಾಗಿ ಅಲ್ಲ. ಚಿಕಿತ್ಸೆಯ ಅಗತ್ಯವಿರುವಾಗ ಅಗತ್ಯವಿರುವಷ್ಟು ಭಾಗವನ್ನು ವೈದ್ಯರಿಗೆ ತೋರಿಸಲು ವಿದ್ವಾಂಸರು ಅನುಮತಿಸಿದ್ದಾರೆ. ಸ್ತ್ರೀಯರು ಮಹಿಳಾ ವೈದ್ಯರು ಬೇಕೆಂದು ಮುಂಚಿತವಾಗಿಯೇ ಕೇಳಬಹುದು. ಸಿಗದಿದ್ದರೆ ಮಹಿಳಾ ದಾದಿಯೊಬ್ಬರು ಜೊತೆಗಿರಲಿ ಎಂದು ಕೇಳಬಹುದು. ಪರೀಕ್ಷೆಯ ವೇಳೆ ಹಿಂಬದಿ ಮಾತ್ರ ತೆರೆಯುವ ಉಡುಪು ತೊಡಿಸಿ ಮೇಲೆ ಹೊದಿಸಿರುತ್ತಾರೆ. ಮನೆಯೊಳಗಿನ ನಾಚಿಕೆಯೂ ಇದೆ. ತಾಯಿ ಮಗನಲ್ಲಿ, ಅತ್ತೆ ಸೊಸೆಯಲ್ಲಿ ಮಲ, ರಕ್ತ ಎಂಬ ಮಾತನ್ನು ಆಡುವುದಿಲ್ಲ. ಆದ್ದರಿಂದ ಮಕ್ಕಳೇ ಮೊದಲು ಮಾತೆತ್ತಬೇಕು.

“ಅಲ್ಲಾಹನು ಬರೆದದ್ದು ಆಗುತ್ತದೆ.” ನಿಸ್ಸಂಶಯ. ಆದರೆ ಹಿಜರಿ 18ರ ಘಟನೆಯನ್ನು ನೆನಪಿಸಿಕೊಳ್ಳಿ. ಖಲೀಫ ಉಮರ್(ರ) ಸಿರಿಯಾದತ್ತ ಹೊರಟಿದ್ದರು. ಅಲ್ಲಿ ಪ್ಲೇಗ್ ಹರಡಿದೆ ಎಂಬ ಸುದ್ದಿ ದಾರಿಯಲ್ಲೇ ಬಂತು. ಸಮಾಲೋಚಿಸಿ ಮರಳಲು ನಿರ್ಧರಿಸಿದರು. ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದಾಗ, ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿರುವುದಾಗಿ ಅವರು ಉತ್ತರಿಸಿದರು. ರೋಗ ವಿಧಿಯಾದರೆ ಔಷಧವೂ ವಿಧಿಯೇ. ಚಿಕಿತ್ಸೆ ಮಾಡಬೇಕೇ ಎಂದು ಕೇಳಿದವರಿಗೆ ಪ್ರವಾದಿವರ್ಯರು(ಸ) ಮಾಡಬೇಕೆಂದೇ ಆದೇಶಿಸಿದರು. ಒಂಟೆಯನ್ನು ಕಟ್ಟಿದ ಬಳಿಕವೇ ತವಕ್ಕುಲ್. ದುಆ ಮಾಡಿರಿ, ಕರಿಜೀರಿಗೆಯನ್ನೂ ಜೇನನ್ನೂ ಸೇವಿಸಿರಿ. ಆದರೆ ಅವು ಪರೀಕ್ಷೆಯ ಜೊತೆಗಿರಲಿ, ಪರೀಕ್ಷೆಯ ಬದಲಿಗಲ್ಲ.

“ರಮಝಾನ್ ಕಳೆಯಲಿ, ಮಗಳ ಮದುವೆಯಾಗಲಿ, ಹಜ್ಜ್‌ನಿಂದ ಬಂದ ಮೇಲೆ ನೋಡೋಣ.” ಒಂದರ ಹಿಂದೆ ಒಂದು ಕೂಡುವಾಗ ವರ್ಷ ಉರುಳುತ್ತದೆ. ರಮಝಾನ್ ಎರಡು ವಾರದಲ್ಲಿದ್ದರೆ ಅದಕ್ಕೆ ಮುಂಚೆಯೇ ಪರೀಕ್ಷೆ ಮುಗಿಸಿರಿ. ತುರ್ತಾಗಿ ಮಾಡಬೇಕೆಂದು ವೈದ್ಯರು ಹೇಳಿದರೆ ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆ, ಬಿಟ್ಟುಹೋದ ದಿನಗಳನ್ನು ಬಳಿಕ ಪೂರ್ತಿಗೊಳಿಸಬಹುದು. ಹಜ್ಜ್‌ಗೆ ಹೊರಡುವವನು ಸಾಲ ತೀರಿಸಿ ಹೊರಡುವಂತೆ ಈ ಸಾಲವನ್ನೂ ತೀರಿಸಿಯೇ ಹೊರಡಲಿ.

ಕೊಲೊನೋಸ್ಕೊಪಿ ಎಂದರೇನು?

ಹೆಸರು ಕೇಳಿಯೇ ಹೆದರುವವರಿದ್ದಾರೆ. ತಿಳಿಯದಿರುವುದೇ ಈ ಹೆದರಿಕೆಗೆ ಕಾರಣ. ಬೆರಳ ಗಾತ್ರದ ಬಾಗುವ ಕೊಳವೆಯ ತುದಿಯಲ್ಲಿ ಸಣ್ಣ ದೀಪವೂ ಕ್ಯಾಮೆರಾವೂ ಇರುತ್ತವೆ. ಅದನ್ನು ಗುದದ್ವಾರದ ಮೂಲಕ ಒಳಸೇರಿಸಿ ದೊಡ್ಡ ಕರುಳಿನ ಪೂರ್ತಿ ಗೋಡೆಯನ್ನು ನೋಡುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನ ಕೆಲಸ. ನಿದ್ರೆ ಬರುವ ಔಷಧ ಕೊಡುವುದರಿಂದ ಅನೇಕರಿಗೆ ಏನೂ ನೆನಪಿರುವುದಿಲ್ಲ. ಪಾಲಿಪ್ ಕಂಡರೆ ಹೆಚ್ಚಿನ ಸಂದರ್ಭಗಳಲ್ಲಿ ಅದೇ ಕೊಳವೆಯ ಮೂಲಕ ಅಲ್ಲಿಯೇ ತೆಗೆದುಬಿಡುತ್ತಾರೆ. ಅಂದೇ ಮನೆಗೆ ಮರಳಬಹುದು. ಔಷಧದ ಮಂಪರು ಇರುವುದರಿಂದ ಆ ದಿನ ವಾಹನ ನಡೆಸಬಾರದು. ಜೊತೆಗೆ ಒಬ್ಬರಿರಬೇಕು.

ನಿಜವಾದ ಕಷ್ಟವಿರುವುದು ಹಿಂದಿನ ದಿನದ ತಯಾರಿಯಲ್ಲಿ. ಕರುಳು ಸ್ವಚ್ಛವಾಗಿರದಿದ್ದರೆ ಗಂಟು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಒಂದೆರಡು ದಿನ ನಾರಿನಂಶ ಕಡಿಮೆಯಿರುವ ಮೆದು ಆಹಾರ, ಬಳಿಕ ತಿಳಿಯಾದ ದ್ರವ ಪದಾರ್ಥ ಮಾತ್ರ, ಅದರೊಂದಿಗೆ ಭೇದಿಯ ಔಷಧ ಬೆರೆಸಿದ ನೀರನ್ನು ಲೀಟರುಗಟ್ಟಲೆ ಕುಡಿಯಬೇಕು. ಮತ್ತೆ ಮತ್ತೆ ಶೌಚಕ್ಕೆ ಹೋಗಬೇಕಾಗುತ್ತದೆ. ಒಂದು ದಿನದ ಈ ಕಷ್ಟವನ್ನು ಅರ್ಧಕ್ಕೆ ಬಿಟ್ಟವರು ಮತ್ತೊಮ್ಮೆ ಎಲ್ಲವನ್ನೂ ಮಾಡಬೇಕಾದೀತು. ಸಕ್ಕರೆ ಕಾಯಿಲೆಯವರೂ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರೂ ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಅಪಾಯವೇ ಇಲ್ಲವೇ? ಇದೆ, ಆದರೆ ಕಡಿಮೆ. ಕರುಳಿಗೆ ತೂತಾಗುವುದು ಸಾವಿರಕ್ಕೆ ಒಂದಕ್ಕಿಂತಲೂ ವಿರಳ. ಪಾಲಿಪ್ ತೆಗೆದಲ್ಲಿ ಕೆಲವೊಮ್ಮೆ ರಕ್ತಸ್ರಾವವಾಗಬಹುದು. ಬಳಿಕ ತೀವ್ರ ಹೊಟ್ಟೆನೋವು, ಜ್ವರ, ಹೆಚ್ಚಿನ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಒಂದು ಮಾತು ಬಾಕಿಯಿದೆ. ತೆಗೆದ ಗಂಟನ್ನು ಬಯಾಪ್ಸಿಗೆ ಕಳಿಸುತ್ತಾರೆ. ಅದರ ವರದಿ ಬರಲು ಕೆಲವು ದಿನ ಬೇಕು. ಕೊಲೊನೋಸ್ಕೊಪಿ ಆಯಿತು, ಇನ್ನೇನು ಎಂದು ಅದನ್ನು ತರಲು ಹೋಗದವರೂ ಇದ್ದಾರೆ. ಆ ವರದಿಯನ್ನು ಕೈಯಲ್ಲಿ ಪಡೆದು, ಮುಂದೆ ಎಷ್ಟು ವರ್ಷಗಳ ಬಳಿಕ ಮತ್ತೆ ಪರೀಕ್ಷೆ ಬೇಕೆಂದು ಕೇಳಿ ತಿಳಿದಾಗಲೇ ಕೆಲಸ ಮುಗಿಯುವುದು.

ಎಲ್ಲಿಗೆ ಹೋಗಬೇಕು? ಖರ್ಚು ಹೇಗೆ?

ವರದಿ ಬಂದ ವಾರದೊಳಗೆ ಜಠರ ಮತ್ತು ಕರುಳಿನ ತಜ್ಞರನ್ನು ಕಾಣಿರಿ. ಒಂದು ತಿಂಗಳೊಳಗೆ ಕೊಲೊನೋಸ್ಕೊಪಿ ಆಗುವಂತೆ ದಿನ ಗೊತ್ತುಪಡಿಸಿರಿ. ಯುರೋಪಿನ ಮಾರ್ಗದರ್ಶಿ ಸೂತ್ರಗಳಲ್ಲಿ ಹೇಳಿರುವ ಅವಧಿ 31 ದಿನ. ಕಾರಣಾಂತರದಿಂದ ಸ್ವಲ್ಪ ತಡವಾದರೂ ಕೈಬಿಡಬೇಡಿರಿ. ಎಂಟು ತಿಂಗಳು ಕಳೆದವರೂ ಇನ್ನೇನು ಪ್ರಯೋಜನ ಎನ್ನದೆ ಇಂದೇ ಹೊರಡಿರಿ.

ಮಾರತ್ತಹಳ್ಳಿ, ವೈಟ್‌ಫೀಲ್ಡ್ ಭಾಗದಲ್ಲಿ ಈ ಸೌಕರ್ಯವಿರುವ ಖಾಸಗಿ ಆಸ್ಪತ್ರೆಗಳು ಹಲವಾರಿವೆ. ಕೈಯಲ್ಲಿ ಹಣ ಕಡಿಮೆ ಇರುವವರು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರಕಾರೀ ಜಠರ ಕರುಳು ವಿಜ್ಞಾನ ಸಂಸ್ಥೆಯಲ್ಲಿ ವಿಚಾರಿಸಬಹುದು. ಕ್ಯಾನ್ಸರ್ ಎಂದು ತಿಳಿದುಬಂದರೆ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಯಿದೆ. ಕೇಂದ್ರ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಪ್ರಾರಂಭವಾದ ಈ ಸಂಸ್ಥೆಗೆ ನಾಡಿನ ಮೂಲೆಮೂಲೆಯ ಬಡವರು ಬರುತ್ತಾರೆ.

ಇ.ಎಸ್.ಐ. ಚೀಟಿ ಇರುವ ಕಾವಲುಗಾರರು, ಸ್ವಚ್ಛತಾ ಕೆಲಸದವರು, ಕಾರ್ಖಾನೆಯ ಕಾರ್ಮಿಕರು ತಮ್ಮ ಚಿಕಿತ್ಸಾಲಯದಿಂದ ದೊಡ್ಡ ಆಸ್ಪತ್ರೆಗೆ ಪತ್ರ ಪಡೆಯಬಹುದು. ಹಲವರಿಗೆ ಆ ಚೀಟಿಯಿಂದ ತಮ್ಮ ಕುಟುಂಬಕ್ಕೂ ಹಕ್ಕಿದೆ ಎಂಬುದೇ ತಿಳಿದಿರುವುದಿಲ್ಲ. ಬಿ.ಪಿ.ಎಲ್. ಪಡಿತರ ಚೀಟಿಯವರಿಗೆ 2018ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಸಾಮಾನ್ಯವಾಗಿ ಸರಕಾರೀ ಆಸ್ಪತ್ರೆಯ ಪತ್ರ ಬೇಕಾಗುವುದರಿಂದ ಪಡಿತರ ಚೀಟಿ, ಆಧಾರ್ ಎರಡನ್ನೂ ಜೊತೆಗಿಟ್ಟುಕೊಂಡು ಮೊದಲು ಅಲ್ಲಿಗೇ ಹೋಗುವುದು ಒಳ್ಳೆಯದು. ಕಂಪೆನಿಯ ವಿಮೆ ಇರುವವರು ಅದರಲ್ಲಿ ತಂದೆ ತಾಯಿಯರ ಹೆಸರಿದೆಯೇ ಎಂದು ನೋಡಿಕೊಳ್ಳಿ. ಕೆಲಸ ಬದಲಿಸುವಾಗ ಆ ವಿಮೆ ನಿಂತುಹೋಗುತ್ತದೆ. ವರದಿ ಕೈಯಲ್ಲಿರುವಾಗ ರಾಜೀನಾಮೆ ಕೊಡುವವನು ಮೊದಲು ಪರೀಕ್ಷೆ ಮುಗಿಸಲಿ.

ಇನ್ನೊಂದು ಎಚ್ಚರಿಕೆ. ಮಲದಲ್ಲಿ ಕಣ್ಣಿಗೆ ಕಾಣುವ ರಕ್ತ, ಕೆಲವು ವಾರಗಳಿಂದ ಶೌಚದ ಕ್ರಮದಲ್ಲಿ ಬದಲಾವಣೆ, ಕಾರಣವಿಲ್ಲದೆ ತೂಕ ಇಳಿಯುವುದು, ಗಂಡಸರಲ್ಲಿ ಅಥವಾ ಮುಟ್ಟು ನಿಂತ ಸ್ತ್ರೀಯರಲ್ಲಿ ರಕ್ತಹೀನತೆ, ಇವು ಇದ್ದವರು ಮಲ ಪರೀಕ್ಷೆಯ ಪ್ಯಾಕೇಜಿಗಾಗಿ ಕಾಯದೆ ನೇರವಾಗಿ ವೈದ್ಯರ ಬಳಿ ಹೋಗಬೇಕು. ವಯಸ್ಸು ಚಿಕ್ಕದೆಂದು ಅಲಕ್ಷಿಸಬಾರದು. ಕಿರಿಯರಲ್ಲೂ ಈ ರೋಗ ಹೆಚ್ಚುತ್ತಿರುವುದನ್ನು ಕಂಡು ಅಮೇರಿಕದಲ್ಲಿ 2021ರಲ್ಲಿ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಲಾಯಿತು. ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ರೋಗವಿದ್ದವರು ಇನ್ನೂ ಮೊದಲೇ ವೈದ್ಯರನ್ನು ಕೇಳಬೇಕು.

ಮಕ್ಕಳ ಹೊಣೆ

ತಂದೆ ತಾಯಿಯರ ಸೇವೆಯ ಮಹತ್ವವನ್ನು ನಾವು ಎಷ್ಟೋ ಖುತ್ಬಗಳಲ್ಲಿ ಕೇಳಿದ್ದೇವೆ. ಮಾರತ್ತಹಳ್ಳಿಯ ಆ ಮಗನೂ ಕೇಳಿದ್ದಾನೆ. ಅವನು ಪ್ಯಾಕೇಜಿಗೆ ಹಣ ಕೊಟ್ಟದ್ದು ಸೇವೆಯೇ. ಆದರೆ ಸೇವೆ ಪೂರ್ಣವಾಗುವುದು ವರದಿಯ ಕೊನೆಯ ಪುಟದವರೆಗೆ ಓದಿದಾಗ, ಅರ್ಥವಾಗದ ಸಾಲನ್ನು ವೈದ್ಯರಿಗೆ ತೋರಿಸಿದಾಗ, ಕೊಲೊನೋಸ್ಕೊಪಿಯ ದಿನ ರಜೆ ಹಾಕಿ ಜೊತೆಗೆ ಕುಳಿತಾಗ.

ಆದ್ದರಿಂದ ಊರಿಂದ ಬಂದ ಹಿರಿಯರಿಗೆ ತಪಾಸಣೆ ಮಾಡಿಸುವವರು ಕೆಲವು ವಿಷಯಗಳನ್ನು ಪಾಲಿಸಲಿ. ಹಿರಿಯರು ಬಂದ ಮೊದಲ ವಾರದಲ್ಲೇ ಪರೀಕ್ಷೆ ಮಾಡಿಸಿ, ಮರಳುವ ಹಿಂದಿನ ದಿನವಲ್ಲ. ವರದಿಯ ಒಂದು ಪ್ರತಿಯನ್ನು ಕಾಗದದಲ್ಲಿ ಅವರ ಕೈಗೂ ಕೊಡಿರಿ, ಅದರಲ್ಲಿರುವುದನ್ನು ಅವರ ಭಾಷೆಯಲ್ಲಿ ತಿಳಿಸಿರಿ. ಅವರಿಂದ ಮುಚ್ಚಿಡಬೇಡಿರಿ. ಪಾಸಿಟಿವ್ ಬಂದರೆ ಬಸ್ಸಿನ ಟಿಕೇಟನ್ನು ಮುಂದೂಡಿರಿ. ಅದು ಸಾಧ್ಯವಿಲ್ಲದಿದ್ದರೆ ಊರಿನ ಹತ್ತಿರದ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನಲ್ಲಿ ದಿನ ಗೊತ್ತುಪಡಿಸಿ, ಅಂದು ನೀವೇ ಹೋಗಿರಿ ಅಥವಾ ಜವಾಬ್ದಾರಿಯ ಒಬ್ಬರನ್ನು ಕಳಿಸಿರಿ. ಜಮಾಅತ್‌ಗಳು ಆರೋಗ್ಯ ಶಿಬಿರ ನಡೆಸುವುದಿದ್ದರೂ ಇದೇ ಮಾತು. ಎಷ್ಟು ಮಂದಿಗೆ ಪರೀಕ್ಷೆ ಮಾಡಿದೆವು ಎಂಬುದರ ಜೊತೆಗೆ, ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿಯನ್ನು ಮುಂದಿನ ಪರೀಕ್ಷೆಗೆ ತಲುಪಿಸಿದೆವು ಎಂಬುದನ್ನೂ ಲೆಕ್ಕವಿಡಿರಿ.

ಓದುಗರೇ, ಈ ಪುಟವನ್ನು ಮುಚ್ಚುವ ಮುನ್ನ ಒಂದು ಕೆಲಸ ಮಾಡಿರಿ. ಮನೆಯ ಕಪಾಟಿನಲ್ಲೋ ಮೊಬೈಲಿನಲ್ಲೋ ಇರುವ ಕಳೆದ ತಪಾಸಣೆಯ ವರದಿಯನ್ನು ತೆಗೆಯಿರಿ. ನಿಮ್ಮದನ್ನೂ ನೋಡಿ, ನಿಮ್ಮ ತಂದೆ ತಾಯಿಯರದ್ದನ್ನೂ ನೋಡಿ. ಸಕ್ಕರೆಯ ಸಾಲಿನಲ್ಲಿ ನಿಲ್ಲದೆ ಕೊನೆಯ ಪುಟದವರೆಗೆ ಹೋಗಿರಿ. ಮಲ ಪರೀಕ್ಷೆಯ ಸಾಲಿನಲ್ಲಿ ಪಾಸಿಟಿವ್ ಎಂದಿದ್ದು, ಆ ಬಳಿಕ ಕೊಲೊನೋಸ್ಕೊಪಿ ಆಗಿಲ್ಲವೆಂದಾದರೆ ನಾಳೆ ಬೆಳಿಗ್ಗೆ ಮಾಡಬೇಕಾದ ಮೊದಲ ಕೆಲಸ ಯಾವುದೆಂದು ನಿಮಗೆ ತಿಳಿಯಿತು.

ರೋಗವನ್ನು ಗುಣಪಡಿಸುವವನು ಅಲ್ಲಾಹನೇ. ಎಚ್ಚರಿಕೆ ಬಂದಾಗ ಎದ್ದು ನೋಡುವ ಶಕ್ತಿಯನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.